ಕಿರುಸುರಂಗದ ತರಕಾರಿ ಬೇಸಾಯವೂ ಅದರ ಶಿಕ್ಷಣವೂ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಸಣ್ಣ ಹಿಡುವಳಿದಾರರಿಗೆ ಕಿರುಸುರಂಗದಲ್ಲಿ ತರಕಾರಿ ಬೆಳೆಯುವ ಕ್ರಮವನ್ನು ಕಲಿಸುವ ಮುನ್ನ ನಿರ್ಣಯವಾಗಬೇಕಾದ ಪ್ರಶ್ನೆಯೊಂದುಂಟು: ಈ ಸೀಮೆಯಲ್ಲಿ ಸುರಂಗವು ಪೈರನ್ನು ಯಾವುದರಿಂದ ಕಾಪಾಡಬೇಕು? ಇದನ್ನು ಅರಿಯದೆ ಕಮಾನು ಕಟ್ಟುವುದನ್ನು ಮಾತ್ರ ಕಲಿಸಿದರೆ ಬಡ ಒಕ್ಕಲಿನ ಒಂದು ಹಂಗಾಮಿನ ದುಡಿಮೆಯೂ ಹಣವೂ ವ್ಯರ್ಥವಾದಾವು.

ಕಿರುಸುರಂಗವೆಂದರೆ ಮಡಿಯ ಮೇಲೆ ಸಾಲಾಗಿ ನೆಟ್ಟ ಕಮಾನುಗಳಿಗೆ ಪ್ಲಾಸ್ಟಿಕ್ ಹಾಳೆಯನ್ನೋ ಬಲೆಯನ್ನೋ ಹೊದಿಸಿದ, ಮಂಡಿಯೆತ್ತರದ ರಚನೆ. ಗಾಜಿಗೆ ಬದಲಾಗಿ ಅಗ್ಗದ ಹಾಳೆಯನ್ನು ಹೊದಿಸಿ ಸಸ್ಯಗಳನ್ನು ಬೆಳೆಸಬಹುದೆಂದು ಅಮೆರಿಕದ ಕೆಂಟಕಿ ವಿಶ್ವವಿದ್ಯಾನಿಲಯದ ಇ. ಎಂ. ಎಮರ್ಟ್ ಅವರು 1948ರಲ್ಲಿ ತೋರಿಸಿಕೊಟ್ಟರು. ಶೀತದೇಶಗಳಲ್ಲಿ ಇಂತಹ ಹೊದಿಕೆಯ ಕೆಲಸ ಬಿಸಿಯನ್ನು ಹಿಡಿದಿಡುವುದು. ಸುಮಾರು 3,000 ಅಡಿ ಎತ್ತರದಲ್ಲಿರುವ ಹಾಸನದ ಸೀಮೆಯಲ್ಲಿಯಾದರೋ ತರಕಾರಿಗೆ ಚಳಿಯು ದೊಡ್ಡ ಶತ್ರುವಲ್ಲ. ಇಲ್ಲಿಯ ಶತ್ರುಗಳು ಮುಂಗಾರಿನ ಎಡೆಬಿಡದ ಮಳೆ ಮತ್ತು ಬೇಸಗೆಯ ಬಿಳಿನೊಣ.

ಎಲೆಯು ಬಹಳ ಹೊತ್ತು ಒದ್ದೆಯಾಗಿದ್ದರೆ ಅಂಗಮಾರಿ ಹಬ್ಬುವುದೆಂಬುದನ್ನು ಆಲೂಗೆಡ್ಡೆ ಬೆಳೆಯುವ ಈ ಜಿಲ್ಲೆಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಟೊಮ್ಯಾಟೊಗೂ ಅದೇ ರೋಗ ತಗಲುತ್ತದೆ. ಬಿಳಿನೊಣವು ಟೊಮ್ಯಾಟೊಗೆ ಎಲೆಮುಟುರು ರೋಗವನ್ನು ತರುತ್ತದೆ. ಎಳೆಯ ಸಸಿಗೆ ತಗಲಿದಷ್ಟೂ ಹಾನಿ ಹೆಚ್ಚು. ಆದುದರಿಂದ ಮೊದಲ 25–30 ದಿನಗಳ ಸಸಿಯನ್ನು ಕಾಪಾಡುವುದೇ ಸುರಂಗದ ಮುಖ್ಯ ಕಾರ್ಯ. ಸಸಿಮಡಿಯೇ ಶಿಕ್ಷಣದ ಮೊದಲ ಪಾಠ.

ಮಡಿಯು 3 ಅಡಿ ಅಗಲ, 30 ಅಡಿ ಉದ್ದ, ಅರ್ಧ ಅಡಿ ಎತ್ತರವಿರಲಿ. ಆರೂವರೆ ಅಡಿ ಉದ್ದದ ಬಿದಿರ ದಬ್ಬೆಗಳನ್ನು ಬಾಗಿಸಿ 5 ಅಡಿಗೊಂದರಂತೆ ನೆಟ್ಟರೆ 7 ಕಮಾನುಗಳು ಸಾಕು. ಅಂಗುಲಕ್ಕೆ 50 ಕಣ್ಣುಗಳುಳ್ಳ ನೈಲಾನ್ ಬಲೆಯನ್ನು ಹೊದಿಸಿ, ಅಂಚುಗಳನ್ನು ಸುತ್ತಲೂ ಮಣ್ಣಿನಲ್ಲಿ ಹೂಳಬೇಕು. ಒಂದು ಕಡೆ ಸಂದು ಉಳಿದರೂ ಬಲೆ ಹೊದಿಸಿದ್ದು ನಿಷ್ಫಲ. ಬಲೆಯು ಮಳೆಯನ್ನು ತಡೆಯದಾದ್ದರಿಂದ ಮಳೆ ಬಂದಾಗ ಮೇಲ್ಭಾಗಕ್ಕೆ ಮಾತ್ರ ಹಾಳೆಯನ್ನು ಹೊದಿಸಿ, ಪಕ್ಕಗಳಲ್ಲಿ ಗಾಳಿಯಾಡಲು ಬಿಡಬೇಕು.

ಹಾಳೆಯನ್ನು ಪೂರ್ತಿ ಮುಚ್ಚಿದರೆ ನಡುಹಗಲಿನಲ್ಲಿ ಒಳಗಿನ ಸಸಿ ಬೇಯುತ್ತದೆ. ತೇವ ನಿಂತರೆ ಬುಡ ಕೊಳೆತು ಸಸಿ ಮಲಗುತ್ತದೆ. ನಾಟಿಗೆ ಒಂದು ವಾರ ಮುಂಚಿನಿಂದ ನೀರನ್ನು ಕಡಿಮೆ ಮಾಡಿ ಸಸಿಯನ್ನು ಗಟ್ಟಿಗೊಳಿಸಬೇಕು. ಸೌತೆ, ಕುಂಬಳಗಳನ್ನು ಸುರಂಗದಲ್ಲಿಯೇ ಬೆಳೆಸುವುದಾದರೆ ಹೂ ಬಿಟ್ಟೊಡನೆ ಹೊದಿಕೆಯನ್ನು ತೆಗೆಯತಕ್ಕದ್ದು. ಜೇನ್ನೊಣ ಬಾರದಿದ್ದರೆ ಕಾಯಿ ಕಚ್ಚುವುದಿಲ್ಲ.

ಇಲ್ಲಿಂದ ಶಿಕ್ಷಣದ ಸ್ವರೂಪವೂ ಸ್ಪಷ್ಟವಾಗುತ್ತದೆ. ಸುರಂಗ ಕಟ್ಟುವುದು ಒಂದು ದಿನದ ಕೆಲಸ, ನೋಡಿಕೊಳ್ಳುವುದು ಪ್ರತಿದಿನದ್ದು. ಒಂದೇ ದಿನದ ಶಿಬಿರದಿಂದ ಈ ವಿವೇಚನೆ ಬಾರದು. ಬಿತ್ತುವ ದಿನ, ಮೊಳಕೆಯೊಡೆದ ಮೇಲೆ, ಸಸಿ ಗಟ್ಟಿಗೊಳಿಸುವಾಗ, ಹೀಗೆ ಮೂರು ಸಲ ಅದೇ ಮಡಿಯ ಬಳಿ ಪಾಠ ನಡೆಯಬೇಕು. ಮನೆಯ ಬಳಿಯ ಮಡಿಯನ್ನು ದಿನವೂ ನೋಡಿಕೊಳ್ಳುವವರು ಬಹುಮಟ್ಟಿಗೆ ಹೆಣ್ಣುಮಕ್ಕಳಾದುದರಿಂದ ಮೊದಲ ಕರೆ ಅವರಿಗೆ ಹೋಗಬೇಕು.

ಕಲಿಯುವವರ ಪೂರ್ವಜ್ಞಾನವನ್ನೂ ಮರೆಯಬಾರದು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಸುತ್ತ ಹೊಗೆಸೊಪ್ಪು ಬೆಳೆಯುವವರು ಸಸಿಮಡಿಯ ಕೆಲಸದಲ್ಲಿ ಪಳಗಿದವರು. ಅವರಿಗೆ ಬಲೆಯ ಉದ್ದೇಶವನ್ನಷ್ಟೇ ತಿಳಿಸಿದರೆ ಸಾಕು. ಹೇಮಾವತಿಯ ನೀರಾವರಿಯಿರುವ ಹೊಳೆನರಸೀಪುರದಲ್ಲಿ ನೀರು ಬಸಿದುಹೋಗುವ ಎತ್ತರದ ಮಡಿಗೂ, ಮಳೆ ಕಡಿಮೆಯಾದ ಚನ್ನರಾಯಪಟ್ಟಣದಲ್ಲಿ ನೀರಿನ ಮಿತವ್ಯಯಕ್ಕೂ ಪಾಠದಲ್ಲಿ ಹೆಚ್ಚು ಅವಕಾಶವಿರಬೇಕು.

ಮೊದಲ ವರ್ಷ ಪ್ರತಿ ಮನೆಗೂ ಒಂದೇ ಮಡಿ ಸಾಕೆಂದು ನಮ್ಮ ಅಭಿಪ್ರಾಯ. ಸಸಿ ಕೆಟ್ಟರೂ ಸಂಸಾರ ಕೆಡದಷ್ಟು ಚಿಕ್ಕದಾಗಿದ್ದರೆ ಮಾತ್ರ ಬಡವನು ಹೊಸದನ್ನು ಧೈರ್ಯವಾಗಿ ಕಲಿಯಬಲ್ಲನು.