ಹೆಸರಿಗೆ ಅಸಿಮೋವ್, ಗಲ್ಲಾಪೆಟ್ಟಿಗೆಗೆ ಬೇರೆ ಕಥೆ

2004ರ ‘ಐ, ರೋಬಾಟ್’ ಚಿತ್ರಕ್ಕೆ ತಗುಲಿದ್ದು ಸುಮಾರು 12 ಕೋಟಿ ಡಾಲರ್. ಆಗಿನ ವಿನಿಮಯ ದರ 45 ರೂಪಾಯಿ ಎಂದು ಹಿಡಿದರೆ 540 ಕೋಟಿ ರೂಪಾಯಿ. ವಿಶ್ವದಾದ್ಯಂತ ಗಳಿಕೆ ಸುಮಾರು 35 ಕೋಟಿ ಡಾಲರ್, ವೆಚ್ಚದ 2.9 ಪಟ್ಟು. ಗಳಿಕೆ ಎಂದರೆ ಟಿಕೆಟ್ ಮಾರಾಟದ ಒಟ್ಟು ಮೊತ್ತ; ಚಿತ್ರಮಂದಿರಗಳ ಪಾಲೂ ಇದರಲ್ಲೇ ಸೇರಿದೆ.

ಐಸಾಕ್ ಅಸಿಮೋವ್ ಅವರ ಅದೇ ಹೆಸರಿನ ಪುಸ್ತಕ 1950ರದು. ಅದರಲ್ಲಿ 9 ಕಥೆಗಳಿವೆ. ಚಿತ್ರದ ಕಥಾವಸ್ತು ಆ 9ರಲ್ಲಿ ಯಾವುದರದ್ದೂ ಅಲ್ಲ. ಜೆಫ್ ವಿಂಟರ್ ಬರೆದಿದ್ದ ‘ಹಾರ್ಡ್‌ವೈರ್ಡ್’ ಎಂಬ ಸ್ವತಂತ್ರ ಚಿತ್ರಕಥೆಗೆ ಪುಸ್ತಕದ ಹೆಸರು, ರೋಬಾಟ್‌ಗಳ ಮನಶ್ಶಾಸ್ತ್ರಜ್ಞೆ ಸೂಸನ್ ಕ್ಯಾಲ್ವಿನ್ ಪಾತ್ರ ಮತ್ತು ರೋಬಾಟ್‌ಗಳು ಪಾಲಿಸಬೇಕಾದ 3 ನಿಯಮಗಳು ಆಮೇಲೆ ಬಂದು ಸೇರಿದವು. ಹುಬ್ಬಳ್ಳಿಯ ದುರ್ಗದಬೈಲಿನ ಗಾಡಿಯಲ್ಲಿ ಗಿರ್ಮಿಟ್ ಕೇಳಿದವರಿಗೆ ಭೇಲ್‌ಪುರಿ ಕೊಟ್ಟರೆ ಪ್ಲೇಟು ವಾಪಸ್ ಬರುತ್ತದೆ. ಇಲ್ಲಿ ಗಿರಾಕಿ ತಕರಾರು ಮಾಡಲಿಲ್ಲ.

ಮೂಲದಿಂದ ಬಂದ ಸನ್ನಿವೇಶವೊಂದನ್ನು ಎಣಿಸಿ ನೋಡಬಹುದು. 1947ರ ‘ಲಿಟ್ಲ್ ಲಾಸ್ಟ್ ರೋಬಾಟ್’ ಕಥೆಯಲ್ಲಿ 62 ರೋಬಾಟ್‌ಗಳ ನಡುವೆ 63ನೆಯದು ಅಡಗಿದೆ. ಚಿತ್ರದಲ್ಲಿ 1,000ದ ನಡುವೆ 1,001ನೆಯದು. ಸಂಖ್ಯೆ 16 ಪಟ್ಟು ಹಿಗ್ಗಿದೆ, ತರ್ಕ ಕುಗ್ಗಿದೆ. ಕಥೆಯಲ್ಲಿ ಕ್ಯಾಲ್ವಿನ್, ಮನುಷ್ಯನನ್ನು ಕಾಪಾಡಲು ಬಂದರೆ ಗಾಮಾ ಕಿರಣಕ್ಕೆ ಸಿಕ್ಕಿ ನಾಶವಾಗುತ್ತೀರಿ ಎಂದು ರೋಬಾಟ್‌ಗಳಿಗೆ ಹೇಳಿ, ಹರಿಸುವುದು ಮಾತ್ರ ಅವಕೆಂಪು ಕಿರಣ. ವ್ಯತ್ಯಾಸ ಗುರುತಿಸಬಲ್ಲದ್ದು ಅಡಗಿರುವ ಆ 1 ಮಾತ್ರ. ಅದು ಎದ್ದು ಬಂದು ಸಿಕ್ಕಿಬೀಳುತ್ತದೆ. ಚಿತ್ರದಲ್ಲಿ ಈ ಕೆಲಸ ಪತ್ತೇದಾರನ ಪಿಸ್ತೂಲಿನದು.

ಮೂಲದ ಹಾದಿಯಲ್ಲೇ ಸಾಗಿದ ‘ಬೈಸೆಂಟೆನಿಯಲ್ ಮ್ಯಾನ್’ (1999) ಲೆಕ್ಕ ತಿರುವುಮುರುವು. ಅಸಿಮೋವ್ ಅವರ 1976ರ ಕಥೆಯಂತೆ ಇಲ್ಲೂ ರೋಬಾಟ್ 200 ವರ್ಷ ಬಾಳಿ, ಕೊನೆಗೆ ಮನುಷ್ಯನೆಂಬ ಮಾನ್ಯತೆ ಪಡೆಯುತ್ತದೆ. ವೆಚ್ಚ ಸುಮಾರು 10 ಕೋಟಿ ಡಾಲರ್, ಗಳಿಕೆ 8.7 ಕೋಟಿ: ವೆಚ್ಚದ ಶೇ 87. ಎರಡೇ ಚಿತ್ರಗಳಿಂದ ನಿಯಮ ಹೊರಡಿಸಲಾಗದು. ಆದರೂ ನಿರ್ಮಾಪಕರು ಮುಂದೆ ಯಾವ ಲೆಕ್ಕವನ್ನು ನೆನಪಿಟ್ಟಿರಬಹುದು ಎಂದು ಊಹಿಸುವುದು ಕಷ್ಟವಲ್ಲ.

ನಮ್ಮ ಕಡೆಯ ರೋಬಾಟ್ ಚಿತ್ರಗಳಿಗೆ ಬಂದರೆ, ಕನ್ನಡದ ‘ಹಾಲಿವುಡ್’ ಬಂದದ್ದು 2002ರಲ್ಲಿ, ‘ಐ, ರೋಬಾಟ್’ಗಿಂತ 2 ವರ್ಷ ಮೊದಲು, ತಮಿಳಿನ ‘ಎಂದಿರನ್’ಗಿಂತ 8 ವರ್ಷ ಮೊದಲು. ದಿನೇಶ್ ಬಾಬು ನಿರ್ದೇಶನದ ಈ ಚಿತ್ರದಲ್ಲಿ ಉಪೇಂದ್ರ ಅವರದು 3 ಪಾತ್ರ, ಅದರಲ್ಲಿ 1 ರೋಬಾಟ್. ನಾಯಕನ ಮುಖವನ್ನೇ ಯಂತ್ರಕ್ಕೂ ಕೊಡುವ ಉಪಾಯ ‘ಎಂದಿರನ್’ನಲ್ಲೂ ಇದೆ.

2010ರ ‘ಎಂದಿರನ್’ ವೆಚ್ಚ 130 ಕೋಟಿ ರೂಪಾಯಿಗೂ ಮೇಲೆ ಎಂದು ವರದಿಯಾಗಿತ್ತು. ‘ಐ, ರೋಬಾಟ್’ ವೆಚ್ಚದ ಸುಮಾರು ಕಾಲು ಭಾಗ. ಆದರೆ ಮನುಷ್ಯನಿಗೆ ಹಾನಿ ಮಾಡಕೂಡದು ಎಂಬ ಅಸಿಮೋವ್ 1ನೇ ನಿಯಮದ ನೇರ ಪರೀಕ್ಷೆ ಇರುವುದು ಇದರಲ್ಲೇ. ತನ್ನನ್ನು ತಯಾರಿಸಿದವನನ್ನೇ ಇರಿ ಎಂದು ಪರೀಕ್ಷಾ ಸಮಿತಿಯ ಪ್ರೊಫೆಸರ್ ಬೋರಾ ಆಜ್ಞಾಪಿಸಿದಾಗ ರೋಬಾಟ್ ಚಿಟ್ಟಿ ಚಾಕು ಎತ್ತುತ್ತದೆ, ಸಮಿತಿ ಅದಕ್ಕೆ ಅನುಮೋದನೆ ನಿರಾಕರಿಸುತ್ತದೆ. ಈ ದೃಶ್ಯಕ್ಕೆ ಬೇಕಾದದ್ದು 1 ಕೋಣೆ, 1 ಚಾಕು.