ಇಮ್ಯಾಜಿನ್ ಸಂಸ್ಥೆಯ ಏಳುಬೀಳು

ಹಾಡು ಕೇಳಲೆಂದು ಒಂದು ಕಾಲಕ್ಕೆ ಮನೆಮನೆಗಳಲ್ಲಿದ್ದ ಕ್ಯಾಸೆಟ್ಟನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಅದರ ಕಂದು ಬಣ್ಣದ ಸುರುಳಿಯಲ್ಲಿ ಸಂಗೀತವನ್ನಷ್ಟೇ ಅಲ್ಲ, ಗಣಕಯಂತ್ರಕ್ಕೆ ಕೊಡತಕ್ಕ ಆದೇಶಗಳನ್ನೂ ಶಬ್ದರೂಪದಲ್ಲಿ ಅಡಗಿಸಿಡಬಹುದು. 1980ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಬಾಲಕರು ಕೊಂಡು ತರುತ್ತಿದ್ದ ಗಣಕದ ಆಟಗಳು ಬಹುಮಟ್ಟಿಗೆ ಇದೇ ರೂಪದಲ್ಲಿದ್ದುವು. ಈ ಸುರುಳಿಯ ಬಲದಿಂದಲೇ ಮೇಲೇರಿ, ಎರಡೇ ವರ್ಷಗಳಲ್ಲಿ ನೆಲಕಚ್ಚಿದ ಲಿವರ್‌ಪೂಲ್ ನಗರದ ಸಂಸ್ಥೆಯೊಂದರ ವೃತ್ತಾಂತವನ್ನು ಇಲ್ಲಿ ನೋಡೋಣ.

1982ರ ಏಪ್ರಿಲ್ ತಿಂಗಳಲ್ಲಿ ಸಿಂಕ್ಲೇರ್ ಕಂಪೆನಿಯು ‘ಜಡ್ ಎಕ್ಸ್ ಸ್ಪೆಕ್ಟ್ರಮ್’ ಎಂಬ ಪುಟ್ಟ ಗಣಕವನ್ನು ಹೊರತಂದಿತು. 16 ಕಿಲೋಬೈಟು ಸ್ಮೃತಿಯುಳ್ಳ ಯಂತ್ರಕ್ಕೆ 125 ಪೌಂಡು, 48 ಕಿಲೋಬೈಟಿನದಕ್ಕೆ 175 ಪೌಂಡು ಬೆಲೆ. ಮನೆಯ ಟೆಲಿವಿಷನ್ನೇ ಅದಕ್ಕೆ ತೆರೆ, ಕ್ಯಾಸೆಟ್ ಯಂತ್ರವೇ ಉಗ್ರಾಣ. ಸುರುಳಿಯಿಂದ ಸೆಕೆಂಡಿಗೆ ಸುಮಾರು 1,500 ಬಿಟ್ಟುಗಳಂತೆ ಆದೇಶಗಳು ಕೀರಲು ಧ್ವನಿಗೈಯುತ್ತ ಒಳಕ್ಕಿಳಿಯುತ್ತಿದ್ದುವು. 48 ಕಿಲೋಬೈಟು ತುಂಬಲು ನಾಲ್ಕು ನಿಮಿಷಕ್ಕೂ ಮಿಕ್ಕಿ ಕಾಯಬೇಕಾಗುತ್ತಿತ್ತು.

ಅದೇ ವರ್ಷ ಮಾರ್ಕ್ ಬಟ್ಲರ್ ಮತ್ತು ಡೇವಿಡ್ ಲಾಸನ್ ಎಂಬ ತರುಣರು ‘ಬಗ್-ಬೈಟ್’ ಎಂಬ ಕಂಪೆನಿಯನ್ನು ಬಿಟ್ಟು ಬಂದು ‘ಇಮ್ಯಾಜಿನ್ ಸಾಫ್ಟ್‌ವೇರ್’ ಸಂಸ್ಥೆಯನ್ನು ಸ್ಥಾಪಿಸಿದರು. ಲಾಸನ್ ರಚಿಸಿದ ‘ಆರ್ಕೇಡಿಯಾ’ ಎಂಬ ಆಟವು ಆ ಕ್ರಿಸ್‌ಮಸ್ಸಿನಲ್ಲಿ ಬಹಳವಾಗಿ ಮಾರಾಟವಾಯಿತು. ಲಾಭದ ಗುಟ್ಟು ಸರಳವಾದುದು. ಒಬ್ಬನೇ ಕುಳಿತು ಆಟವನ್ನು ರಚಿಸಬಲ್ಲ; ಆಮೇಲೆ ಬೇಕಾದುದು ಸುರುಳಿಯ ಪ್ರತಿಗಳು ಮಾತ್ರ. ಅಗ್ಗದ ಆ ಪ್ರತಿಯ ಬೆಲೆ ಸುಮಾರು ಐದೂವರೆ ಪೌಂಡು! ಹದಿಹರೆಯದ ಕ್ರಮವಿಧಿಕಾರರ ಗಳಿಕೆಯೂ ಮಾಲಿಕರ ವೇಗದ ಕಾರುಗಳೂ ಪತ್ರಿಕೆಗಳಿಗೆ ಸುದ್ದಿಯಾದುವು.

ಆದರೆ ಸಂಸ್ಥೆಗೆ ಸುಲಭವಾದ ಕೆಲಸವು ಗಿರಾಕಿಗೂ ಸುಲಭವೇ. ಎರಡು ಕ್ಯಾಸೆಟ್ ಯಂತ್ರಗಳನ್ನು ಒಂದು ತಂತಿಯಿಂದ ಜೋಡಿಸಿದರೆ ಶಾಲೆಯ ಹುಡುಗನೂ ಪ್ರತಿ ತೆಗೆಯಬಲ್ಲನು. ಇದರ ಮೇಲೆ ಸಂಸ್ಥೆಯು ತಾನಾಗಿ ತಂದುಕೊಂಡ ಕಷ್ಟವೂ ಸೇರಿತು. ಅಲ್ಲಿದ್ದವರು ಬಳಿಕ ಹೇಳಿರುವ ಪ್ರಕಾರ, 1983ರ ಕ್ರಿಸ್‌ಮಸ್ಸಿಗೆ ಮುಂಚೆ ಪ್ರತಿಸ್ಪರ್ಧಿಗಳಿಗೆ ಪ್ರತಿ ತೆಗೆಯುವ ಅವಕಾಶವೇ ಸಿಗದಂತೆ ದೊಡ್ಡ ಕಾರ್ಖಾನೆಯೊಂದರ ಸಾಮರ್ಥ್ಯವನ್ನೆಲ್ಲ ಇಮ್ಯಾಜಿನ್ ಮುಂಗಡವಾಗಿ ಕಾದಿರಿಸಿಕೊಂಡಿತಂತೆ. ಪರಿಣಾಮವಾಗಿ, ಮಾರಾಟವಾಗದ ಕ್ಯಾಸೆಟ್ಟುಗಳ ರಾಶಿ ಅದರ ತಲೆಗೇ ಬಂದಿತು. ಇದನ್ನು ವ್ಯಾಪಾರಚಾತುರ್ಯವೆನ್ನಲು ನಮಗೆ ಮನಸ್ಸು ಬಾರದು.

ಇದರಿಂದ ಪಾರಾಗಲು ಅವರು ಹೂಡಿದ ಉಪಾಯವೇ ‘ಮೆಗಾಗೇಮ್’, ಎಂದರೆ ಮಹಾ ಆಟಗಳು. ಇಲ್ಲಿ ಸ್ವಲ್ಪ ಗಣಿತ ಅನಿವಾರ್ಯ. ಸ್ಪೆಕ್ಟ್ರಮಿನ ಹೃದಯವಾದ ಜಡ್-80 ಪ್ರೊಸೆಸರಿನಿಂದ ಸ್ಮೃತಿಯ ವಿಳಾಸವನ್ನು ಸೂಚಿಸಲು 16 ತಂತಿಗಳು ಹೊರಡುತ್ತವೆ. ಪ್ರತಿಯೊಂದರ ಸ್ಥಿತಿ ಸೊನ್ನೆ ಅಥವಾ ಒಂದು. ಆದುದರಿಂದ 2ನ್ನು 16 ಬಾರಿ ಗುಣಿಸಿದಷ್ಟು, ಎಂದರೆ 65,536 ವಿಳಾಸಗಳು ಮಾತ್ರ ಸಾಧ್ಯ. ಯಂತ್ರದ ಶಾಶ್ವತ ಆದೇಶಗಳಿಗೆ 16 ಕಿಲೋಬೈಟು, ಬಳಕೆಯ ಸ್ಮೃತಿಗೆ 48. ಅಲ್ಲಿಗೆ ವಿಳಾಸಗಳೆಲ್ಲ ಮುಗಿದುವು. ಆ 48ರಲ್ಲೂ ತೆರೆಯ ಚಿತ್ರಕ್ಕೇ 6,912 ಬೈಟುಗಳು ಮೀಸಲು.

ಹೆಚ್ಚು ಸ್ಮೃತಿಯನ್ನು ಸೇರಿಸಬೇಕಾದರೆ ಒಂದೇ ವಿಳಾಸಕ್ಕೆ ಹಲವು ಸ್ಮೃತಿಪುಟಗಳನ್ನು ಸರದಿಯ ಮೇಲೆ ಜೋಡಿಸಬೇಕು. ಒಂದೇ ಮನೆಯಲ್ಲಿ ಹಲವು ಸಂಸಾರಗಳು ಪಾಳಿಯ ಮೇಲೆ ವಾಸಿಸಿದಂತೆ ಇದು. ಆ ಹೊತ್ತಿಗೆ ಒಳಗಿರುವವರು ಯಾರೆಂಬುದು ಅಂಚೆಯವನಿಗೆ ತಿಳಿದಿದ್ದರಾಯಿತು. ಉಪಾಯ ಹುಸಿಯಾದುದಲ್ಲ. ಮುಂದೆ ಬಂದ 128 ಕಿಲೋಬೈಟಿನ ಸ್ಪೆಕ್ಟ್ರಮ್ ಯಂತ್ರವು ಇದನ್ನೇ ಬಳಸಿತು.

ಇಮ್ಯಾಜಿನ್ ಮಾಡಹೊರಟುದು ಹೆಚ್ಚುವರಿ ಸ್ಮೃತಿಯುಳ್ಳ ಪೆಟ್ಟಿಗೆಯೊಂದನ್ನು ಆಟದ ಜತೆಗೇ ಮಾರುವುದನ್ನು. ಆಟವೂ ಹಿರಿದಾಗುವುದು, ಪೆಟ್ಟಿಗೆಯಿಲ್ಲದೆ ಸುರುಳಿಯ ನಕಲು ನಿಷ್ಪ್ರಯೋಜಕವೂ ಆಗುವುದು. ಒಂದೇ ಕಲ್ಲಿಗೆ ಎರಡು ಹಣ್ಣು. ಆದರೆ ಪೆಟ್ಟಿಗೆಯೆಂಬುದು ಸುರುಳಿಯಂತಲ್ಲ. ಅದರ ಪ್ರತಿಯೊಂದು ಬಿಡಿಭಾಗವನ್ನೂ ಹಣ ಕೊಟ್ಟು ಕೊಳ್ಳಬೇಕು. ಆಟದ ಬೆಲೆಯೋ 30ರಿಂದ 40 ಪೌಂಡಿಗೆ ಏರುವುದು. ಸಂಸ್ಥೆಯನ್ನು ಶ್ರೀಮಂತಗೊಳಿಸಿದ್ದ ಅಗ್ಗತನವನ್ನೇ ಅವರು ಕೈಬಿಟ್ಟಂತಾಯಿತು. ‘ಸೈಕ್ಲಾಪ್ಸ್’, ‘ಬ್ಯಾಂಡರ್‌ಸ್ನ್ಯಾಚ್’ ಎಂಬ ಎರಡು ಆಟಗಳಿಗೆ, ಅವು ಸಿದ್ಧವಾಗುವ ಮೊದಲೇ, ಪತ್ರಿಕೆಗಳಲ್ಲಿ ಜಾಹೀರಾತುಗಳು ಬಂದುವು.

ಜಾಹೀರಾತಿನ ಬಾಕಿಯನ್ನು ತೀರಿಸಲಾರದೆಯೇ 1984ರ ಜುಲೈ 9ರಂದು ಲಂಡನ್ನಿನ ಉಚ್ಚ ನ್ಯಾಯಾಲಯದ ಆಜ್ಞೆಯಿಂದ ಸಂಸ್ಥೆಯು ಮುಚ್ಚಿತು. ಅದರ ಏಳಿಗೆಯನ್ನು ಚಿತ್ರಿಸಲೆಂದು ಬಂದಿದ್ದ ಬಿ.ಬಿ.ಸಿ.ಯ ತಂಡಕ್ಕೆ ಅದರ ಪತನವೇ ವಸ್ತುವಾಯಿತು. ಇಮ್ಯಾಜಿನ್ ಎಂಬ ಹೆಸರನ್ನು ಮ್ಯಾಂಚೆಸ್ಟರಿನ ‘ಓಷನ್’ ಕಂಪೆನಿ ಕೊಂಡಿತು. ಉಳಿದ ಕೆಲವರು ಸೇರಿ ಲಿವರ್‌ಪೂಲಿನಲ್ಲಿಯೇ ‘ಸಿಗ್ನೋಸಿಸ್’ ಎಂಬ ಹೊಸ ಸಂಸ್ಥೆ ಕಟ್ಟಿದರು. 1993ರಲ್ಲಿ ಸೋನಿಯ ವಶಕ್ಕೆ ಹೋದ ಅದು 2012ರವರೆಗೆ ನಡೆಯಿತು. ಅರ್ಧಕ್ಕೆ ನಿಂತಿದ್ದ ಬ್ಯಾಂಡರ್‌ಸ್ನ್ಯಾಚ್ ಆಟವು ಈ ಸಂಸ್ಥೆಯಿಂದ ‘ಬ್ರಟಕಾಸ್’ ಎಂಬ ಹೆಸರಿನಲ್ಲಿ, ಅಟಾರಿ ಎಸ್.ಟಿ. ಮೊದಲಾದ ಯಂತ್ರಗಳಿಗಾಗಿ ಹೊರಬಂದಿತು. 1985ರಲ್ಲಿ ಬಂದ ಆ ಅಟಾರಿ ಯಂತ್ರದೊಳಗೆ 512 ಕಿಲೋಬೈಟು ಸ್ಮೃತಿ ಮೊದಲೇ ಇದ್ದಿತು; ಹೊರಗಿನ ಪೆಟ್ಟಿಗೆ ಬೇಕಾಗಲಿಲ್ಲ.