ಕರುವಿನ ಭೇದಿ: ಕೊಟ್ಟಿಗೆಯಿಂದ ಮನೆಯೊಳಕ್ಕೆ ಬರಬಾರದು

ಹುಟ್ಟಿ ವಾರ ತುಂಬದ ಕರು ಹಳದಿ ನೀರಿನಂತೆ ಭೇದಿ ಮಾಡಿದರೆ 'ಹಾಲು ಜಾಸ್ತಿಯಾಯ್ತು' ಎಂದು ನಾವು ಸುಮ್ಮನಾಗುತ್ತೇವೆ. ಎಷ್ಟೋ ಸಲ ಕಾರಣ ಹಾಲಲ್ಲ, ರೋಟಾ ಎಂಬ ವೈರಾಣು. ಅದು ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಕುಡಿದ ಹಾಲು ಜೀರ್ಣವಾಗದೆ ನೀರಾಗಿ ಹೊರಬರುತ್ತದೆ.

ಈ ವೈರಾಣು ಒಂದೇ ಜಾತಿಯ ಪ್ರಾಣಿಯಲ್ಲಿ ಉಳಿಯುವುದಿಲ್ಲ. ಅಮೆರಿಕದ ಕೆಂಟಕಿ ರಾಜ್ಯ ಓಟದ ಕುದುರೆಗಳ ತವರು. 2021ರಲ್ಲಿ ಅಲ್ಲಿ ಎಳೆಯ ಕುದುರೆಮರಿಗಳಿಗೆ ಜೋರು ಭೇದಿ ಹತ್ತಿತು. ಮಾಮೂಲಿ ರೋಟಾ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆಳವಾಗಿ ಹುಡುಕಿದಾಗ ಸಿಕ್ಕಿದ್ದು 'ಬಿ' ಗುಂಪಿನ ರೋಟಾ. ಅದರ ವಂಶವಾಹಿಗಳು ದನ, ಆಡುಗಳಂತಹ ಮೆಲುಕು ಹಾಕುವ ಪ್ರಾಣಿಗಳ ವೈರಾಣುವನ್ನೇ ಹೋಲುತ್ತಿದ್ದವು.

ಅಷ್ಟು ದೂರವೇಕೆ, ಬೆಂಗಳೂರಿನಲ್ಲೇ ಹಿಂದೆ ನವಜಾತ ಶಿಶುಗಳ ಮಲದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಐ321 ಎಂಬ ರೋಟಾ ತಳಿಯನ್ನು ಗುರುತಿಸಿದ್ದರು. ಅದರ ಬಹುಪಾಲು ವಂಶವಾಹಿಗಳು ದನದ ರೋಟಾದವು! ಪುಣ್ಯಕ್ಕೆ ಆ ಕೂಸುಗಳಿಗೆ ಭೇದಿ ಇರಲಿಲ್ಲ.

ರೋಟಾದ ವಂಶವಾಹಿ ಒಂದೇ ಎಳೆಯಲ್ಲ, 11 ತುಂಡು. ದನದ ವೈರಾಣು, ಮನುಷ್ಯರ ವೈರಾಣು ಎರಡೂ ಒಂದೇ ಕರುಳಿಗೆ ಸೇರಿದರೆ ಇಸ್ಪೀಟ್ ಎಲೆ ಕಲೆಸಿದಂತೆ ತುಂಡುಗಳು ಬೆರೆತು ಹೊಸ ತಳಿ ಹುಟ್ಟಬಹುದು. ಹಾಗೆಂದು ಗಾಬರಿ ಬೇಡ. ಮಕ್ಕಳ ರೋಟಾ ಭೇದಿ ಹೆಚ್ಚಾಗಿ ಮಕ್ಕಳಿಂದ ಮಕ್ಕಳಿಗೇ ಹರಡುವುದು.

ವೈರಾಣು ಇರುವುದು ಸಗಣಿಯಲ್ಲಿ. ಕೈ, ಬಕೆಟ್, ಸೀರೆಯ ಸೆರಗಿನಲ್ಲಿ ಅಂಟಿಕೊಂಡು ಬರುತ್ತದೆ, ನೆರಳು-ತೇವದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಆದ್ದರಿಂದ ಮೊದಲು ಆರೋಗ್ಯವಂತ ಕರುಗಳ ಕೆಲಸ ಮುಗಿಸಿ, ಭೇದಿಯ ಕರುವನ್ನು ಕೊನೆಗೆ ನೋಡಿ. ಅದರ ಬಕೆಟ್ ಬೇರೆಯೇ ಇರಲಿ, ತೊಳೆದು ಬಿಸಿಲಿಗಿಡಿ. ಕೈಯನ್ನು ಸೋಪು ಹಚ್ಚಿ ಚೆನ್ನಾಗಿ ಉಜ್ಜಿ ತೊಳೆಯದೆ ಕೂಸನ್ನು ಎತ್ತಿಕೊಳ್ಳಬೇಡಿ. ಅಂಬೆಗಾಲಿಡುವ ಮಗುವನ್ನು ಆ ಕರುವಿನ ಹತ್ತಿರ ಬಿಡಬೇಡಿ. ಮಗುವಿಗೆ 6, 10, 14ನೇ ವಾರದಲ್ಲಿ ಸರ್ಕಾರ ಉಚಿತವಾಗಿ ಕೊಡುವ ರೋಟಾ ಲಸಿಕೆ ಹಾಕಿಸಿದ್ದೀರಾ? ತಾಯಿ ಕಾರ್ಡ್ ಒಮ್ಮೆ ನೋಡಿ.

ಕರುವಿಗೆ ದೊಡ್ಡ ರಕ್ಷಣೆ ಗಿಣ್ಣು ಹಾಲು. ಮಾಸು ಬೀಳಲಿ ಎಂದು ಕಾಯಬೇಡಿ. 25 ಕಿಲೋ ತೂಕದ ಕರುವಿಗೆ ಮೊದಲ ದಿನ ಎರಡೂವರೆ ಲೀಟರ್ ಬೇಕು, ಅದರಲ್ಲಿ ಅರ್ಧ ಹುಟ್ಟಿದ ಎರಡು ಗಂಟೆಯೊಳಗೇ ಹೊಟ್ಟೆ ಸೇರಬೇಕು. ಮುಂದಿನ ದಿನಗಳಲ್ಲೂ ಗಿಣ್ಣು ಇರುವಷ್ಟು ದಿನ ಕುಡಿಸಿ, ಅದು ಕರುಳಿನಲ್ಲೇ ನಿಂತು ವೈರಾಣುವನ್ನು ತಡೆಯುತ್ತದೆ. ನೆಂಟರಿಗೆ ಗಿಣ್ಣು ಹಂಚುವುದು ಕರುವಿನ ಪಾಲು ತೆಗೆದಿಟ್ಟ ಮೇಲೆ!

ಭೇದಿ ಶುರುವಾದರೆ ಹಾಲು ಪೂರ್ತಿ ನಿಲ್ಲಿಸಬೇಡಿ, ಸ್ವಲ್ಪಸ್ವಲ್ಪವೇ ಹಲವು ಬಾರಿ ಕೊಡಿ. ನಡುವೆ ಓಆರ್‌ಎಸ್ ನೀರು ಕುಡಿಸಿ. ಕರು ಸಾಯುವುದು ಹೆಚ್ಚಾಗಿ ವೈರಾಣುವಿನಿಂದಲ್ಲ, ಮೈಯ ನೀರು, ಉಪ್ಪು ಬತ್ತಿ. ಆಂಟಿಬಯಾಟಿಕ್ ವೈರಾಣುವನ್ನು ಕೊಲ್ಲದು, ಅಂಗಡಿಯಿಂದ ಮಾತ್ರೆ ತಂದು ನುಂಗಿಸಬೇಡಿ. ಕಣ್ಣು ಗುಳಿಬಿದ್ದರೆ, ಕಿವಿ ತಣ್ಣಗಾದರೆ, ಸಗಣಿಯಲ್ಲಿ ರಕ್ತ ಕಂಡರೆ, ಏಳಲಾಗದಿದ್ದರೆ ಬೆಳಗಾಗಲಿ ಎನ್ನದೆ ಪಶುವೈದ್ಯರಿಗೆ ಫೋನ್ ಮಾಡಿ.